ಟೆಂಡರ್ ಆಯಿತು, ಜಾಮೀನು ಹೇಗೆ ಕೊಡಲಿ? ಡಿಡಿ, ಎಫ್‌ಡಿ, ಬ್ಯಾಂಕ್ ಗ್ಯಾರಂಟಿ, ಶ್ಯೂರಿಟಿ ಬಾಂಡ್‌ಗಳ ಹೋಲಿಕೆ

ಟೆಂಡರ್ ಸಿಕ್ಕ ದಿನ ಪೇಢೆ ಡಬ್ಬಿ ಹಿಡಿದು ಬಂದವರು, ವಾರ ಕಳೆದ ಮೇಲೆ ಮುಖ ಸಣ್ಣ ಮಾಡಿಕೊಂಡು ಮತ್ತೊಮ್ಮೆ ಬರುತ್ತಾರೆ. ಕೈಯಲ್ಲಿ ಇಲಾಖೆಯ ಒಪ್ಪಿಗೆ ಪತ್ರ. ಇಷ್ಟು ದಿನದೊಳಗೆ ಭದ್ರತಾ ಠೇವಣಿ ಸಲ್ಲಿಸಿ ಕರಾರಿಗೆ ಸಹಿ ಹಾಕಬೇಕು ಎಂಬ ಸಾಲಿನ ಕೆಳಗೆ ಪೆನ್ನಿನ ಗೆರೆ. "ಕಾಕಾ, ಡಿಡಿ ತೆಗಿಸ್ಲೋ, ಬ್ಯಾಂಕ್ ಗ್ಯಾರಂಟಿ ಮಾಡಿಸ್ಲೋ? ಈಗ ಇನ್ಶೂರೆನ್ಸ್‌ನವ್ರು ಏನೋ ಬಾಂಡ್ ಕೊಡ್ತಾರಂತಲ್ಲ, ಅದೇನು?"

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಕೂತು ಗುತ್ತಿಗೆದಾರರ ಲೆಕ್ಕ ಬರೆಯುವುದು ನನ್ನ ಕೆಲಸ. ಬೀದರಿನ ರಸ್ತೆ, ಯಾದಗಿರಿಯ ಕಾಲುವೆ, ಆಳಂದದ ಶಾಲೆ ಕೋಣೆ ಎಲ್ಲವೂ ನನ್ನ ಮೇಜಿನ ಮೇಲೆ ಬಿಲ್ಲುಗಳಾಗಿ ಬರುತ್ತವೆ. ಈ ಪ್ರಶ್ನೆ ಕೇಳುವವರೆಲ್ಲ ಮೊದಲು ವಿಚಾರಿಸುವುದು ಕಮಿಷನ್ ಎಷ್ಟು ಅಂತ. ನಾನು ತಿರುಗಿ ಕೇಳುವುದು ಬೇರೆ: ನಿಮ್ಮ ಕೈದುಡ್ಡು ಎಷ್ಟು, ಎಷ್ಟು ತಿಂಗಳು ಅಲ್ಲಿ ಕೂತಿರುತ್ತದೆ? ಮುಂದಿನ ಲೆಕ್ಕವೆಲ್ಲ ಇದರ ಮೇಲೆಯೇ ನಿಂತಿದೆ.

ಯಾವ ಜಾಮೀನಿನ ಮಾತು ಇದು

ಒಂದೇ ಕಾಮಗಾರಿಯಲ್ಲಿ ನಾಲ್ಕು ಬಗೆಯ ಭದ್ರತೆ ಬರುತ್ತದೆ, ಜನ ಎಲ್ಲವನ್ನೂ 'ಡಿಪಾಜಿಟ್' ಅಂತಲೇ ಕರೆಯುತ್ತಾರೆ. ಟೆಂಡರ್ ಹಾಕುವಾಗ ಕೊಡುವುದು ಇಎಂಡಿ. ಗೆದ್ದವನು ಕೆಲಸ ಮುಗಿಸುತ್ತಾನೆ ಎಂಬುದಕ್ಕೆ ಕೊಡುವುದು ಕಾರ್ಯನಿರ್ವಹಣಾ ಭದ್ರತೆ. ಪ್ರತಿ ರನ್ನಿಂಗ್ ಬಿಲ್ಲಿನಿಂದ ಇಲಾಖೆಯೇ ಹಿಡಿದುಕೊಳ್ಳುವುದು ರಿಟೆನ್ಶನ್ ಹಣ. ಇಲಾಖೆ ಮುಂಗಡ ಕೊಟ್ಟರೆ ಅದಕ್ಕೊಂದು ಪ್ರತ್ಯೇಕ ಗ್ಯಾರಂಟಿ.

ಇಎಂಡಿಯಲ್ಲಿ ಆಯ್ಕೆ ಕಡಿಮೆ. ರಾಜ್ಯದ ಕಾಮಗಾರಿಗಳಲ್ಲಿ ಅದನ್ನು ಹೆಚ್ಚಾಗಿ ರಾಜ್ಯ ಸರ್ಕಾರದ ಟೆಂಡರ್ ತಾಣವಾದ ಕೆಪಿಪಿಪಿ ಪೋರ್ಟಲ್‌ನಲ್ಲೇ ಆನ್‌ಲೈನ್ ಕಟ್ಟುತ್ತೇವೆ, ಟೆಂಡರ್ ಬೇರೆಯವರಿಗೆ ಹೋದರೆ ಖಾತೆಗೆ ವಾಪಸ್ ಬರುತ್ತದೆ. 'ಉದ್ಯಮ್ ನೋಂದಣಿ ಇದೆ, ಇಎಂಡಿ ಮಾಫಿ ಅಲ್ವಾ' ಅಂತ ಬರುವವರಿಗೆ ಒಂದು ಮಾತು: ಕೇಂದ್ರದ 2012ರ ಸಣ್ಣ ಉದ್ದಿಮೆಗಳ ಖರೀದಿ ನೀತಿ ಸರಕು ಮತ್ತು ಸೇವೆಗಳಿಗೆ ಸಂಬಂಧಿಸಿದ್ದು. ಕಟ್ಟಡ, ರಸ್ತೆ ಗುತ್ತಿಗೆಗೆ ಅದನ್ನು ನೆಚ್ಚಿಕೊಂಡು ಟೆಂಡರ್ ಹಾಕಿದರೆ ತಿರಸ್ಕಾರವಾಗುವ ಸಾಧ್ಯತೆಯೇ ಹೆಚ್ಚು.

ನಿಜವಾದ ಆಯ್ಕೆ ಇರುವುದು ಕಾರ್ಯನಿರ್ವಹಣಾ ಭದ್ರತೆಯಲ್ಲಿ. ಮುಂದಿನದೆಲ್ಲ ಅದರ ಬಗ್ಗೆ.

ಕೆಲಸ ಯಾರದು ಅನ್ನೋದು ಮೊದಲು

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ದುಡ್ಡಿನ ಕೆಲಸವಿದ್ದರೂ ಅದನ್ನು ಮಾಡಿಸುವವರು ಲೋಕೋಪಯೋಗಿ, ಪಂಚಾಯತ್ ರಾಜ್ ಎಂಜಿನಿಯರಿಂಗ್ ಮುಂತಾದವರು. ಶಹಾಪುರ, ಸುರಪುರದ ಕಡೆ ಕಾಲುವೆ ಕೆಲಸ ಕೃಷ್ಣಾ ಭಾಗ್ಯ ಜಲ ನಿಗಮದ್ದು. ಇವೆಲ್ಲ ಸರ್ಕಾರಿ ಖರೀದಿಯ ಪಾರದರ್ಶಕತೆಗೆಂದು ರಾಜ್ಯ ಮಾಡಿದ ಕೆಟಿಪಿಪಿ ಕಾಯ್ದೆ, 1999ರ ಅಡಿಯಲ್ಲಿ, ಕೆಡಬ್ಲ್ಯೂ ಸರಣಿಯ ಮಾದರಿ ಟೆಂಡರ್ ದಾಖಲೆಗಳಲ್ಲಿ ನಡೆಯುತ್ತವೆ. ನಾವು ಹೆಚ್ಚಾಗಿ ನೋಡುವ ಕೆಡಬ್ಲ್ಯೂ-4ರಲ್ಲಿ ಭದ್ರತೆ ಸಾಮಾನ್ಯವಾಗಿ ಒಪ್ಪಂದ ಮೊತ್ತದ ಶೇ. 5. ದರ ತೀರಾ ಏರುಪೇರಾಗಿದ್ದರೆ ಅದರ ಮೇಲೆ ಹೆಚ್ಚುವರಿ ಭದ್ರತೆಯನ್ನೂ ಕೇಳುತ್ತಾರೆ. ಸ್ಪರ್ಧೆಯ ಹುಮ್ಮಸ್ಸಿನಲ್ಲಿ ಬಹಳ ಕೆಳಗೆ ಇಳಿದು ಟೆಂಡರ್ ಹಿಡಿದವರು ಈ ಸಾಲನ್ನು ಓದಿರುವುದಿಲ್ಲ.

ಇನ್ನೊಂದು ಕಡೆ ಕೇಂದ್ರದ ಕೆಲಸ. ರಾಷ್ಟ್ರೀಯ ಹೆದ್ದಾರಿ, ಕೇಂದ್ರದ ಲೋಕೋಪಯೋಗಿ ಇಲಾಖೆಯಾದ ಸಿಪಿಡಬ್ಲ್ಯೂಡಿ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ, ರೈಲ್ವೆ. ರೈಲ್ವೆಯಲ್ಲಂತೂ ನಮ್ಮ ಜಿಲ್ಲೆಗಳು ಬೇರೆ ಬೇರೆ ದಿಕ್ಕಿಗೆ: ಕಲಬುರಗಿ ನಿಲ್ದಾಣ ಸೊಲ್ಲಾಪುರ ವಿಭಾಗದಲ್ಲಿ, ಬೀದರ್ ಸಿಕಂದರಾಬಾದ್‌ನಲ್ಲಿ. ಜಾಮೀನು ಪತ್ರ ಹಿಡಿದು ಓಡಾಡುವವನಿಗೆ ಇದು ಸಣ್ಣ ವಿಷಯ ಅಲ್ಲ.

ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳಲ್ಲಿ, ಅಂದರೆ ಜಿಎಫ್ಆರ್ 2017ರಲ್ಲಿ, 170ನೇ ನಿಯಮ ಇಎಂಡಿಗೆ, 171ನೇ ನಿಯಮ ಕಾರ್ಯನಿರ್ವಹಣಾ ಭದ್ರತೆಗೆ. ಮೊದಲು ಈ ಭದ್ರತೆ ಶೇ. 5ರಿಂದ 10 ಇತ್ತು. ಕೋವಿಡ್ ಕಾಲದಲ್ಲಿ ಶೇ. 3ಕ್ಕೆ ಇಳಿಸಿದರು, 2024ರ ಜನವರಿಯಿಂದ ಶೇ. 3ರಿಂದ 5 ಎಂದಾಗಿದೆ. 2022ರ ಫೆಬ್ರವರಿಯಲ್ಲಿ ಈ ಎರಡೂ ನಿಯಮಗಳಿಗೆ ಇನ್ಶೂರೆನ್ಸ್ ಶ್ಯೂರಿಟಿ ಬಾಂಡ್ ಎಂಬ ಪದ ಸೇರಿತು, ಅಂದರೆ ಬ್ಯಾಂಕಿನ ಬದಲು ವಿಮಾ ಕಂಪನಿ ಬರೆದುಕೊಡುವ ಜಾಮೀನು. ಆ ವರ್ಷದ ಬಜೆಟ್ ಭಾಷಣದಲ್ಲಿ ನಿರ್ಮಲಾ ಸೀತಾರಾಮನ್ ಹೇಳಿದ್ದು ಇದನ್ನೇ.

ಆದರೆ ಜಿಎಫ್ಆರ್ ಕೇಂದ್ರಕ್ಕೆ ಸೇರಿದ್ದು, ರಾಜ್ಯದ ಇಲಾಖೆಯನ್ನು ಅದು ಕಟ್ಟಿಹಾಕುವುದಿಲ್ಲ. ಆದ್ದರಿಂದ ರಾಜ್ಯದ ಟೆಂಡರಿನಲ್ಲಿ ಯಾವ ಯಾವ ರೂಪದ ಭದ್ರತೆ ಒಪ್ಪುತ್ತೇವೆ ಎಂದು ಬರೆದ ಕಲಮಿನಲ್ಲಿ ಶ್ಯೂರಿಟಿ ಬಾಂಡ್ ಹೆಸರಿದೆಯೇ ನೋಡಿ. ಇಲ್ಲದಿದ್ದರೆ ಟೆಂಡರ್ ಹಾಕುವ ಮೊದಲೇ ಸ್ಪಷ್ಟೀಕರಣ ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. "ಸಾಹೇಬ್ರು ಹೂಂ ಅಂದಾರ್ರಿ" ಅನ್ನುವುದು ಉತ್ತರ ಅಲ್ಲ. ಸಾಹೇಬರು ನಾಳೆ ವರ್ಗವಾಗಿ ಹೋದರೆ ಆ ಹೂಂ ಕೂಡ ಅವರ ಜೊತೆಗೇ ಹೋಗುತ್ತದೆ.

ಒಂದು ಲೆಕ್ಕ

ಸೇಡಂ ಕಡೆ 2 ಕೋಟಿಯ ರಸ್ತೆ ಅಂತ ಇಟ್ಟುಕೊಳ್ಳಿ. ಶೇ. 5 ಅಂದರೆ 10 ಲಕ್ಷ. ಕೆಲಸಕ್ಕೆ ಒಂದು ವರ್ಷ, ಮುಗಿದ ಕೆಲಸದಲ್ಲಿ ದೋಷ ಕಂಡರೆ ನೀವೇ ಸರಿಪಡಿಸಬೇಕಾದ ದೋಷ ಹೊಣೆ ಅವಧಿ ಎರಡು ವರ್ಷ, ಒಟ್ಟು ಮೂರು. ಸಿಮೆಂಟು, ಕಬ್ಬಿಣದ ಅಂಗಡಿಯ ಉದ್ರಿಗೆ ತಿಂಗಳಿಗೆ ನೂರಕ್ಕೆ ಒಂದೂವರೆ ಬೀಳುತ್ತದೆ ಎಂದು ಹಿಡಿಯೋಣ, ಅಂದರೆ ವರ್ಷಕ್ಕೆ ಶೇ. 18. ಕೈದುಡ್ಡು ಜಾಮೀನಿನಲ್ಲಿ ಸಿಕ್ಕಿಕೊಂಡರೆ ನೀವು ಕಟ್ಟುವ ಬಡ್ಡಿ ಅದೇ. ಎಫ್‌ಡಿ ಬಡ್ಡಿ ಶೇ. 6.5 ಎನ್ನೋಣ. ದರಗಳು ಉದಾಹರಣೆಗೆ ಮಾತ್ರ, ನಿಮ್ಮ ದರ ಹಾಕಿಕೊಂಡು ಲೆಕ್ಕ ತಿರುಗಿಸಿ.

ಡಿಡಿ ಕೊಟ್ಟರೆ 10 ಲಕ್ಷ ಇಲಾಖೆಯ ಖಾತೆಗೆ ಹೋಯಿತು. ಬಡ್ಡಿ ಇಲ್ಲ. ವರ್ಷಕ್ಕೆ 1,80,000ರಂತೆ ಮೂರು ವರ್ಷಕ್ಕೆ 5,40,000. ಕಮಿಷನ್ ಇಲ್ಲ, ಬ್ಯಾಂಕಿನ ತಾಪತ್ರಯ ಇಲ್ಲ ಎಂದು ಖುಷಿಪಡುವವರು ಈ ಅಂಕಿಯನ್ನು ಒಮ್ಮೆ ಬರೆದು ನೋಡಬೇಕು. ಐದು ಲಕ್ಷದ ಚರಂಡಿ ಕೆಲಸಕ್ಕೆ ಡಿಡಿ ಸರಿ, ಅದಕ್ಕಿಂತ ಹೆಚ್ಚು ಹೇಳಲು ನನ್ನ ಹತ್ತಿರ ಏನೂ ಇಲ್ಲ.

ಎಫ್‌ಡಿ ರಸೀದಿ ಅಡವಿಟ್ಟರೆ ಬಡ್ಡಿ ನಿಮ್ಮದೇ. ನಷ್ಟ 18ರಲ್ಲಿ 6.5 ಕಳೆದು ಶೇ. 11.5, ವರ್ಷಕ್ಕೆ 1,15,000, ಮೂರು ವರ್ಷಕ್ಕೆ 3,45,000. ಟೆಂಡರ್ ದಾಖಲೆ ಎಫ್‌ಡಿಯನ್ನು ಒಪ್ಪುತ್ತದೆಯೇ, ಇಲ್ಲವೇ ಅಂಚೆ ಕಚೇರಿಯ ಉಳಿತಾಯ ಪತ್ರಗಳನ್ನು ಒಪ್ಪುತ್ತದೆಯೇ ನೋಡಿ.

ಬ್ಯಾಂಕ್ ಗ್ಯಾರಂಟಿ ಅಂದರೆ ನೀವು ತಪ್ಪಿದರೆ ದುಡ್ಡು ನಾವು ಕೊಡುತ್ತೇವೆ ಎಂದು ಬ್ಯಾಂಕು ಇಲಾಖೆಗೆ ಬರೆದುಕೊಡುವ ಪತ್ರ. ಅದರಲ್ಲಿ ಎಲ್ಲವೂ ಮಾರ್ಜಿನ್ ಮೇಲೆ, ಅಂದರೆ ಅದಕ್ಕಾಗಿ ಬ್ಯಾಂಕು ನಿಮ್ಮಿಂದ ಹಿಡಿದಿಟ್ಟುಕೊಳ್ಳುವ ಪಾಲಿನ ಮೇಲೆ. ಶೇ. 25 ಮಾರ್ಜಿನ್ ಅಂದರೆ 2.5 ಲಕ್ಷದ ಎಫ್‌ಡಿ ಬ್ಯಾಂಕಿನಲ್ಲಿ ಕೂರುತ್ತದೆ, ಅದರ ನಷ್ಟ 28,750. ಕಮಿಷನ್ ಶೇ. 2 ಆದರೆ 20,000, ಮೇಲೆ ಶೇ. 18 ಜಿಎಸ್‌ಟಿ 3,600. ಒಟ್ಟು ವರ್ಷಕ್ಕೆ 52,350, ಮೂರು ವರ್ಷಕ್ಕೆ 1,57,050. ಎಫ್‌ಡಿಯ ಅರ್ಧಕ್ಕಿಂತ ಕಡಿಮೆ.

ಹೊಸ ಗುತ್ತಿಗೆದಾರರು ಬೀಳುವ ಹೊಂಡ ಇಲ್ಲೇ ಇದೆ. ಅವರಿಗೆ ಬ್ಯಾಂಕಿನಲ್ಲಿ ಲಿಮಿಟ್, ಅಂದರೆ ಇಷ್ಟರವರೆಗೆ ಗ್ಯಾರಂಟಿ ಕೊಡುತ್ತೇವೆ ಎಂದು ಬ್ಯಾಂಕು ಮೊದಲೇ ಒಪ್ಪಿದ ಮಿತಿ, ಇರುವುದಿಲ್ಲ. ಮ್ಯಾನೇಜರ್ ಸಾಹೇಬರು ಶೇ. 100 ಮಾರ್ಜಿನ್ ಕೇಳುತ್ತಾರೆ. 10 ಲಕ್ಷವನ್ನೂ ಎಫ್‌ಡಿ ಇಟ್ಟು, ಅದರ ಮೇಲೆ ಶೇ. 1 ಕಮಿಷನ್ ಮತ್ತು ಜಿಎಸ್‌ಟಿ ಸೇರಿ 11,800 ಕೊಟ್ಟರೆ ವರ್ಷಕ್ಕೆ 1,26,800. ಇಲಾಖೆ ಎಫ್‌ಡಿಯನ್ನು ನೇರವಾಗಿ ಒಪ್ಪುವುದಾದರೆ ಈ ಗ್ಯಾರಂಟಿ ಮಾಡಿಸಿದ್ದು ಸುಮ್ಮನೆ ದಂಡ. ತಮ್ಮ ದುಡ್ಡಿಗೆ ತಾವೇ ಜಾಮೀನು ನಿಂತು, ಬ್ಯಾಂಕಿಗೆ ಬಾಡಿಗೆ ಕಟ್ಟಿದಂತೆ. ವರ್ಷಕ್ಕೆ ಒಬ್ಬರಾದರೂ ಹೀಗೆ ಮಾಡಿಕೊಂಡು ಬಂದು ನನ್ನ ಮುಂದೆ ಕೂರುತ್ತಾರೆ.

ಶ್ಯೂರಿಟಿ ಬಾಂಡಿಗೆ ಪ್ರೀಮಿಯಂ ಶೇ. 2.5 ಎಂದುಕೊಂಡರೂ ಜಿಎಸ್‌ಟಿ ಸೇರಿ ವರ್ಷಕ್ಕೆ 29,500, ಮೂರು ವರ್ಷಕ್ಕೆ 88,500. ಮಾರ್ಜಿನ್ ಕೇಳದಿದ್ದರೆ ಎಲ್ಲಕ್ಕಿಂತ ಅಗ್ಗ. ಈ 'ದಿದ್ದರೆ' ಎಂಬಲ್ಲೇ ಕಥೆ ಇದೆ.

ಬ್ಯಾಂಕ್ ಗ್ಯಾರಂಟಿ: ಹಳೆಯ ಪರಿಚಯದ ಗಿರಾಕಿ

ಇಲಾಖೆಯವರಿಗೆ ಇದು ಗೊತ್ತಿದೆ, ಅದೇ ಇದರ ದೊಡ್ಡ ಗುಣ. ಆಡಿಟ್‌ನವರು ತಕರಾರು ಎತ್ತುವುದಿಲ್ಲ, ನಮೂನೆ ಟೆಂಡರ್ ದಾಖಲೆಯ ಹಿಂದೆಯೇ ಇರುತ್ತದೆ. ಆ ನಮೂನೆಯ ಒಂದು ಪದ ಬದಲಾದರೂ ವಾಪಸ್ ಕಳಿಸುತ್ತಾರೆ, ಆದ್ದರಿಂದ ಬ್ಯಾಂಕಿನವರ ಸ್ವಂತ ನಮೂನೆಗೆ ಒಪ್ಪಬೇಡಿ.

ಯಾವ ಬ್ಯಾಂಕಿನದು ನಡೆಯುತ್ತದೆ ಎಂಬುದನ್ನೂ ಓದಿ. ಊರಿನ ಪತ್ತಿನ ಸಂಘ ಅಥವಾ ಸಹಕಾರಿ ಬ್ಯಾಂಕಿನ ಜೊತೆ ಅಪ್ಪನ ಕಾಲದಿಂದ ವ್ಯವಹಾರ ಇದ್ದರೂ, ದಾಖಲೆಯಲ್ಲಿ 'ರಾಷ್ಟ್ರೀಕೃತ' ಅಥವಾ 'ವಾಣಿಜ್ಯ ಬ್ಯಾಂಕ್' ಎಂದಿದ್ದರೆ ಅವರ ಗ್ಯಾರಂಟಿ ಪ್ರಯೋಜನಕ್ಕೆ ಬರುವುದಿಲ್ಲ. ಸುಳ್ಳು ಗ್ಯಾರಂಟಿಗಳ ಕಾಟದಿಂದ ಈಗ ಇಲಾಖೆಗಳು ಬ್ಯಾಂಕಿನಿಂದ ನೇರ ದೃಢೀಕರಣ ಕೇಳುತ್ತವೆ. ಬ್ಯಾಂಕುಗಳ ನಡುವಿನ ಎಸ್‌ಎಫ್‌ಎಂಎಸ್ ಸಂದೇಶ ಇಲಾಖೆಯ ಬ್ಯಾಂಕಿಗೆ ಮುಟ್ಟಬೇಕು. ಕಾಗದ ಕೈಗೆ ಬಂತು ಅಂತ ನೆಮ್ಮದಿಯಾಗಿ ಮಲಗಬೇಡಿ, ಸಂದೇಶ ಹೋದ ಪ್ರತಿಯನ್ನೂ ಕೇಳಿ ಪಡೆಯಿರಿ. 2022ರಿಂದ ಎನ್‌ಇಎಸ್‌ಎಲ್ ಎಂಬ ಸಂಸ್ಥೆಯ ಮೂಲಕ ಕಾಗದವಿಲ್ಲದ ಇ-ಬ್ಯಾಂಕ್ ಗ್ಯಾರಂಟಿಯೂ ಬಂದಿದೆ. ಇಲಾಖೆ ಒಪ್ಪಿದರೆ ಅದು ಓಡಾಟ ಉಳಿಸುತ್ತದೆ.

ದೋಷವೆಂದರೆ ಇದು ನಿಮ್ಮ ಬ್ಯಾಂಕ್ ಲಿಮಿಟನ್ನು ತಿನ್ನುತ್ತದೆ. ಮನೆ ಪತ್ರ, ಹೊಲದ ಪತ್ರ ಕೊಟ್ಟು 50 ಲಕ್ಷದ ಗ್ಯಾರಂಟಿ ಲಿಮಿಟ್ ಮಾಡಿಸಿಕೊಂಡಿದ್ದರೆ ನಾಲ್ಕೈದು ಕೆಲಸಕ್ಕೆ ಅದು ಮುಗಿದೇ ಹೋಗುತ್ತದೆ. ಮುಂದಿನ ಟೆಂಡರ್ ಬಂದಾಗ ಕೈ ಖಾಲಿ.

ಇನ್ನೊಂದು, ಈ ಗ್ಯಾರಂಟಿ ಬೇಷರತ್ತಿನದು. ಕಾರ್ಯಪಾಲಕ ಎಂಜಿನಿಯರ್ ಪತ್ರ ಬರೆದರೆ ಬ್ಯಾಂಕ್ ದುಡ್ಡು ಕೊಡಲೇಬೇಕು, ನಿಮ್ಮ ತಕರಾರು ಕೇಳುವ ಅಗತ್ಯ ಅದಕ್ಕಿಲ್ಲ. ಭಾರಿ ವಂಚನೆ ಅಥವಾ ಮತ್ತೆಂದೂ ಸರಿಪಡಿಸಲಾಗದ ಹಾನಿ ಇದ್ದಾಗ ಮಾತ್ರ ನ್ಯಾಯಾಲಯ ತಡೆಯುತ್ತದೆ ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಬಿಲ್ಲು ಬಾಕಿ ಇದೆ ಎಂಬ ಕಾರಣ ಅಲ್ಲಿ ನಿಲ್ಲುವುದಿಲ್ಲ.

ಶ್ಯೂರಿಟಿ ಬಾಂಡ್: ಹೊಸಬ

ಹೈದರಾಬಾದಿನಲ್ಲಿ ಕೂತಿರುವ ವಿಮಾ ನಿಯಂತ್ರಣ ಪ್ರಾಧಿಕಾರ, ಐಆರ್‌ಡಿಎಐ, 2022ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿತು, ಏಪ್ರಿಲ್ 1ರಿಂದ ಜಾರಿ. ಆ ಡಿಸೆಂಬರಿನಲ್ಲಿ ದೇಶದ ಮೊದಲ ಶ್ಯೂರಿಟಿ ಬಾಂಡ್ ವಿಮೆಯನ್ನು ನಿತಿನ್ ಗಡ್ಕರಿ ಬಿಡುಗಡೆ ಮಾಡಿದರು. ಹೆದ್ದಾರಿ ಕೆಲಸಗಳಲ್ಲಿ ಇದರ ಬಳಕೆ ಶುರುವಾಗಿದೆ. ಇಎಂಡಿ, ಕಾರ್ಯನಿರ್ವಹಣೆ, ಮುಂಗಡ, ರಿಟೆನ್ಶನ್ ಎಲ್ಲಕ್ಕೂ ಬಾಂಡ್ ಕೊಡಲು ಮಾರ್ಗಸೂಚಿಯಲ್ಲಿ ಅವಕಾಶ ಇದೆ.

ಮೊದಲು ತಲೆಯಿಂದ ತೆಗೆಯಬೇಕಾದ ತಪ್ಪು ಕಲ್ಪನೆ ಒಂದಿದೆ. "ಇನ್ಶೂರೆನ್ಸ್ ಅದಲ್ರಿ, ಏನಾದ್ರೂ ಆದ್ರ ಕಂಪನಿಯವ್ರು ತುಂಬ್ತಾರ" ಎನ್ನುವವರಿದ್ದಾರೆ. ಕಂಪನಿಯವರು ತುಂಬುವುದು ಇಲಾಖೆಗೆ. ಆಮೇಲೆ ಆ ದುಡ್ಡು ವಸೂಲು ಮಾಡಲು ನಿಮ್ಮ ಮನೆಗೇ ಬರುತ್ತಾರೆ. ಮಳೆಗೆ ಸ್ಲ್ಯಾಬ್ ಕುಸಿದರೆ, ಯಂತ್ರ ಹಾಳಾದರೆ ನಿಮಗೆ ದುಡ್ಡು ಕೊಡುವುದು ಗುತ್ತಿಗೆದಾರರ ಆಲ್ ರಿಸ್ಕ್ ಪಾಲಿಸಿ. ಅದು ಬೇರೆ, ಇದು ಬೇರೆ. ಭಾರತೀಯ ಕರಾರು ಕಾಯ್ದೆ, 1872ರ 126ನೇ ಕಲಮು ಜಾಮೀನಿನಲ್ಲಿ ಮೂರು ಜನರನ್ನು ಹೇಳುತ್ತದೆ: ಸಾಲಿಗ, ಸಾಲ ಕೊಟ್ಟವ, ಜಾಮೀನುದಾರ. ಜಾಮೀನುದಾರ ಕೊಟ್ಟ ಹಣವನ್ನು ಸಾಲಿಗನಿಂದ ವಸೂಲು ಮಾಡುವ ಹಕ್ಕು 145ನೇ ಕಲಮಿನಲ್ಲಿದೆ. ನಮ್ಮ ಕಡೆ ಅಣ್ಣತಮ್ಮಂದಿರ ಎತ್ತಿನ ಸಾಲಕ್ಕೆ ಜಾಮೀನು ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದ್ದರಿಂದ ಬಾಂಡ್ ಕೊಡುವ ಮೊದಲು ಕಂಪನಿ ನಿಮ್ಮಿಂದ ಇಂಡೆಮ್ನಿಟಿ ಪತ್ರ, ಅಂದರೆ ಕಂಪನಿಗೆ ಆದ ನಷ್ಟ ತುಂಬಿಕೊಡುತ್ತೇನೆ ಎಂಬ ಪತ್ರ, ಬರೆಸಿಕೊಳ್ಳುತ್ತದೆ, ಸಂಸ್ಥೆಯ ಜೊತೆ ಪಾಲುದಾರರೂ ವೈಯಕ್ತಿಕವಾಗಿ ಸಹಿ ಮಾಡಬೇಕಾಗಬಹುದು. ಓದಿ ಸಹಿ ಮಾಡಿ. ಯಾರು ಯಾರ ಆಸ್ತಿ ಅದರಲ್ಲಿ ಬರುತ್ತದೆ ಎಂಬುದನ್ನು ಮನೆಯಲ್ಲಿ ಕೂತು ಮಾತಾಡಿ.

ಬ್ಯಾಂಕು ನಿಮ್ಮ ಆಸ್ತಿ ನೋಡುತ್ತದೆ, ವಿಮಾ ಕಂಪನಿ ನಿಮ್ಮ ಕೆಲಸ ನೋಡುತ್ತದೆ. ಆಡಿಟ್ ಆದ ಲೆಕ್ಕಪತ್ರ, ಕೈಯಲ್ಲಿರುವ ಕಾಮಗಾರಿಗಳ ಪಟ್ಟಿ, ಮುಗಿಸಿದ ಪ್ರಮಾಣಪತ್ರ, ರೇಟಿಂಗ್, ಯಂತ್ರಗಳು, ಹಿಂದೆ ಕಪ್ಪುಪಟ್ಟಿಯಲ್ಲಿ ಇದ್ದಿರೋ ಇಲ್ಲವೋ. ಲೆಕ್ಕ ಚೊಕ್ಕಟವಾಗಿಟ್ಟವನಿಗೆ ಮಾರ್ಜಿನ್ ಇಲ್ಲದೆ ಸಿಗಬಹುದು. ಅರ್ಧ ವಹಿವಾಟು ನಗದಿನಲ್ಲಿ ಮಾಡಿ, ತೆರಿಗೆ ಉಳಿಸಲು ಲಾಭ ಕಡಿಮೆ ತೋರಿಸಿದವನಿಗೆ ಅದೇ ಲೆಕ್ಕಪತ್ರ ಇಲ್ಲಿ ತಿರುಗಿ ಹೊಡೆಯುತ್ತದೆ. ಫೈಲು ಸಾಮಾನ್ಯವಾಗಿ ಇಲ್ಲಿನ ಶಾಖೆಯಿಂದ ಮೇಲಿನ ಕಚೇರಿಗೆ ಹೋಗುತ್ತದೆ, ಒಪ್ಪಿಗೆ ಪತ್ರ ಬಂದ ಮೇಲೆ ಓಡಿದರೆ ದಿನ ಸಾಲುವುದಿಲ್ಲ. ಟೆಂಡರ್ ಹಾಕುವ ತಿಂಗಳಲ್ಲೇ ಮಾತು ಶುರು ಮಾಡಿ.

ಕಂಪನಿಗಳು ಕೈ ಬಿಗಿ ಹಿಡಿಯುವುದಕ್ಕೂ ಕಾರಣ ಇದೆ. ಗುತ್ತಿಗೆದಾರ ದಿವಾಳಿಯಾದರೆ ಬ್ಯಾಂಕಿಗೆ ಇರುವಂಥ ಹಕ್ಕು ತಮಗೂ ಬೇಕು ಎಂದು ಅವರು ಕೇಳುತ್ತ ಬಂದಿದ್ದಾರೆ. ಆ ಭಯ ಇರುವ ತನಕ ಸಣ್ಣವರ ಕಡೆ ಅವರು ಬೇಗ ತಿರುಗಿ ನೋಡುವುದು ಕಷ್ಟ ಎಂಬುದು ನನ್ನ ಅನಿಸಿಕೆ.

ಇನ್ನು ಬಾಂಡಿನ ಪಠ್ಯ. ಕರಾರು ಕಾಯ್ದೆಯ 133ನೇ ಕಲಮಿನ ಪ್ರಕಾರ ಜಾಮೀನುದಾರನ ಒಪ್ಪಿಗೆ ಇಲ್ಲದೆ ಮೂಲ ಕರಾರು ಬದಲಾಯಿಸಿದರೆ, ಮುಂದಿನ ವ್ಯವಹಾರಕ್ಕೆ ಅವನ ಹೊಣೆ ತಪ್ಪುತ್ತದೆ. ಆದರೆ ಕಾಮಗಾರಿಯಲ್ಲಿ ಬದಲಾವಣೆ ಆಗದೆ ಇರುತ್ತದೆಯೇ? ಮುರುಮಿನ ಜಾಗದಲ್ಲಿ ಎರೆ ಮಣ್ಣು ಸಿಕ್ಕಿತು, ಸೇತುವೆಯ ಅಡಿಪಾಯ ಆಳಕ್ಕೆ ಹೋಯಿತು, ಹೆಚ್ಚುವರಿ ಐಟಂ ಸೇರಿತು. ಅದಕ್ಕೇ ಸರ್ಕಾರಿ ನಮೂನೆಯಲ್ಲಿ, ಬದಲಾವಣೆಯಾದರೂ ಹೊಣೆ ತಪ್ಪದು ಎಂಬ ಸಾಲು ಇರುತ್ತದೆ. ನಿಮ್ಮ ಬಾಂಡಿನಲ್ಲಿ ಅದಿಲ್ಲದಿದ್ದರೆ ಇಲಾಖೆ ಒಪ್ಪುವುದು ಕಷ್ಟ.

ಒಂದು ಅಡ್ಡಮಾತು. ಶ್ಯೂರಿಟಿ ಬಾಂಡ್ ಬೇರು ಬಿಟ್ಟ ದೇಶ ಅಮೆರಿಕ. ಅಲ್ಲಿ 1935ರ ಮಿಲ್ಲರ್ ಕಾಯ್ದೆ ಕೇಂದ್ರದ ಕಟ್ಟಡ ಗುತ್ತಿಗೆದಾರರಿಂದ ಎರಡು ಬಾಂಡ್ ಕೇಳುತ್ತದೆ. ಒಂದು ಕೆಲಸ ಮುಗಿಸುವುದಕ್ಕೆ, ಇನ್ನೊಂದು ಉಪಗುತ್ತಿಗೆದಾರರು ಮತ್ತು ಸಾಮಾನು ಕೊಟ್ಟವರ ಬಾಕಿಗೆ. ನಮ್ಮಲ್ಲಿ ಈ ಎರಡನೆಯದು ಇಲ್ಲ. ಶಹಾಬಾದಿನ ಫರಸಿ ಕೊಟ್ಟವನು, ಖಡಿ ಹೊಡೆದ ಟಿಪ್ಪರಿನವನು ಗುತ್ತಿಗೆದಾರ ಓಡಿಹೋದರೆ ಯಾವ ಜಾಮೀನಿನ ಬಾಗಿಲೂ ತಟ್ಟುವಂತಿಲ್ಲ. ಇಲಾಖೆಗೆ ನಾಲ್ಕು ಬಗೆಯ ಭದ್ರತೆ, ಅವನಿಗೆ ಒಂದೂ ಇಲ್ಲ. ಉದ್ರಿ ಬಡ್ಡಿ ನೂರಕ್ಕೆ ಒಂದೂವರೆ ಯಾಕೆ ಅಂದರೆ ಇದೂ ಒಂದು ಕಾರಣ ಇರಬೇಕು.

ಅವಧಿ ಉದ್ದವಾದಾಗ

ಮೇಲಿನ ಲೆಕ್ಕದಲ್ಲಿ ಮೂರು ವರ್ಷ ಹಿಡಿದೆ. ನಮ್ಮ ಕಡೆ ಮೂರಕ್ಕೆ ಮುಗಿದರೆ ಪುಣ್ಯ. ಎರೆ ಭೂಮಿಯಲ್ಲಿ ನಾಲ್ಕು ಮಳೆ ಬಿದ್ದರೆ ಟಿಪ್ಪರ್ ಒಳಗೆ ಹೋಗುವುದಿಲ್ಲ. ನಾರಾಯಣಪುರ ಎಡದಂಡೆ ಕಾಲುವೆಯಲ್ಲಿ ನೀರು ಬಿಟ್ಟರೆ ಲೈನಿಂಗ್ ಕೆಲಸ ನಿಂತಂತೆಯೇ, ಮತ್ತೆ ನೀರು ನಿಲ್ಲುವ ತನಕ ಕೂಲಿಯವರನ್ನು ಊರಿಗೆ ಕಳಿಸಬೇಕು.

ನಮ್ಮ ಸ್ವಂತ ಕಾಕಾ ಒಬ್ಬರು ಹಿಂಗೇ ಸಿಕ್ಕಿಕೊಂಡಿದ್ದರು. ಕೆಲಸದ ಅವಧಿ ವಿಸ್ತರಣೆ ಆದೇಶ ಬಂದಿತ್ತು, ಗ್ಯಾರಂಟಿ ವಿಸ್ತರಿಸುವುದು ಮರೆತಿದ್ದರು. ಅದು ಮುಗಿಯಲು ವಾರ ಇರುವಾಗ ಇಲಾಖೆಯಿಂದ ಬ್ಯಾಂಕಿಗೆ ಪತ್ರ: ವಿಸ್ತರಿಸಿ, ಇಲ್ಲವೇ ದುಡ್ಡು ಕೊಡಿ. ಬ್ಯಾಂಕಿನಲ್ಲಿ ಆ ವರ್ಷದ ಲಿಮಿಟ್ ನವೀಕರಣ ಬಾಕಿ, ಅದಾಗದೆ ವಿಸ್ತರಣೆ ಮಾಡಲ್ಲ ಎಂದರು. ಕೊನೆಗೆ ಚಿಕ್ಕಮ್ಮನ ಬಂಗಾರ ಅಡವಿಟ್ಟು ಪೂರ್ತಿ ಮಾರ್ಜಿನ್ ಕಟ್ಟಿ ವಿಸ್ತರಣೆ ಮಾಡಿಸಿದರು. ತಪ್ಪು ಕಾಕಾನದೇ, ಅವರೂ ಹಾಗೇ ಹೇಳುತ್ತಾರೆ. ಆದರೆ ಎಫ್‌ಡಿ ಇಟ್ಟಿದ್ದರೆ ಆ ವಾರ ಬರುತ್ತಿರಲಿಲ್ಲ. ಅವಧಿ ಎಳೆಯುವ ಕೆಲಸಕ್ಕೆ ಎಫ್‌ಡಿ ದುಬಾರಿಯಾದರೂ ನಿದ್ದೆ ಕೊಡುತ್ತದೆ. ಶ್ಯೂರಿಟಿ ಬಾಂಡಿಗೂ ಇದೇ ಮಾತು, ವಿಸ್ತರಣೆಗೆ ಮತ್ತೆ ಪ್ರೀಮಿಯಂ, ಮತ್ತೆ ಪರಿಶೀಲನೆ.

ತಾರೀಕಿನ ಲೆಕ್ಕವನ್ನೂ ಸರಿಯಾಗಿ ಹಾಕಿ. ಜಿಎಫ್ಆರ್ ಪ್ರಕಾರ ಭದ್ರತೆ ಎಲ್ಲ ಹೊಣೆಗಳು ಮುಗಿದ ಮೇಲೆ ಇನ್ನೂ 60 ದಿನ ಜೀವಂತ ಇರಬೇಕು, ದೋಷ ಹೊಣೆ ಅವಧಿಯೂ ಆ ಹೊಣೆಗಳಲ್ಲಿ ಸೇರುತ್ತದೆ. ಬ್ಯಾಂಕುಗಳು ಅದರ ಮೇಲೆ ಒಂದು ವರ್ಷ ಕ್ಲೇಮ್ ಅವಧಿ, ಅಂದರೆ ಇಲಾಖೆ ಬ್ಯಾಂಕಿನಿಂದ ದುಡ್ಡು ಕೇಳಬಹುದಾದ ಅವಧಿ, ಸೇರಿಸುವುದುಂಟು. ಕರಾರು ಕಾಯ್ದೆಯ 28ನೇ ಕಲಮಿಗೆ 2013ರಿಂದ ಬಂದ ತಿದ್ದುಪಡಿ ಅದಕ್ಕೆ ಕಾರಣ. ಆ ವರ್ಷಕ್ಕೂ ಕಮಿಷನ್ ಹಾಕುತ್ತಾರೆಯೇ ಎಂದು ಮೊದಲೇ ಕೇಳಿ, ಚೌಕಾಶಿಗೆ ಜಾಗ ಇರುವುದು ಸಹಿಗೆ ಮುಂಚೆ ಮಾತ್ರ.

ನಾನು ಯಾರಿಗೆ ಏನು ಹೇಳುತ್ತೇನೆ

ಮೊದಲ ಎರಡು ಮೂರು ಕೆಲಸ ಹಿಡಿದ ಹುಡುಗರಿಗೆ ಎಫ್‌ಡಿ. ಆ ರಸೀದಿಯ ಜೊತೆಗೆ ಬ್ಯಾಂಕಿನಲ್ಲಿ ವ್ಯವಹಾರ ಬೆಳೆಸಿ, ಎರಡು ವರ್ಷದ ಲೆಕ್ಕಪತ್ರ ತೋರಿಸಿ ಲಿಮಿಟ್ ಕೇಳಿ ಎನ್ನುತ್ತೇನೆ. ವರ್ಷಕ್ಕೆ ನಾಲ್ಕಾರು ಕೋಟಿ ಕೆಲಸ ಮಾಡುವವರಿಗೆ, ರಾಜ್ಯದ ಇಲಾಖೆಗಳೇ ಗಿರಾಕಿಯಾಗಿದ್ದರೆ, ಶೇ. 25ರ ಆಸುಪಾಸಿನ ಮಾರ್ಜಿನ್ನಿನ ಬ್ಯಾಂಕ್ ಗ್ಯಾರಂಟಿ. ಮಾರ್ಜಿನ್ ಶೇ. 50 ದಾಟಿದರೆ ಎಫ್‌ಡಿ ಜೊತೆ ಮತ್ತೊಮ್ಮೆ ತೂಗಿ ನೋಡಲಿ. ಹೆದ್ದಾರಿ, ರೈಲ್ವೆ ಕಡೆ ಹೋಗುತ್ತಿರುವವರು, ಲಿಮಿಟ್ ತುಂಬಿಹೋದವರು ಶ್ಯೂರಿಟಿ ಬಾಂಡ್ ವಿಚಾರಿಸಲೇಬೇಕು. ಎಲ್ಲ ಕೆಲಸಕ್ಕೂ ಒಂದೇ ಬಗೆ ಬೇಕೆಂದಿಲ್ಲ. ನನ್ನ ಲೆಕ್ಕದ ಪುಸ್ತಕದಲ್ಲಿರುವ ಒಬ್ಬರು ಸಣ್ಣ ಕೆಲಸಗಳಿಗೆ ಎಫ್‌ಡಿ, ದೊಡ್ಡ ರಸ್ತೆಗೆ ಬ್ಯಾಂಕ್ ಗ್ಯಾರಂಟಿ ಇಟ್ಟು, ಮುಂಗಡ ತಗೊಳ್ಳುವುದನ್ನೇ ಬಿಟ್ಟಿದ್ದಾರೆ. ಮುಂಗಡಕ್ಕೆ ಇನ್ನೊಂದು ಗ್ಯಾರಂಟಿ, ಅದಕ್ಕೆ ಇನ್ನೊಂದು ಮಾರ್ಜಿನ್, ಮೇಲೆ ಬಡ್ಡಿ. ಅವರ ಲೆಕ್ಕ ತಪ್ಪಲ್ಲ.

ವಾಪಸ್ ತರುವುದು

ಎಫ್‌ಡಿ ಇಡುವಾಗ ಅಧಿಕಾರಿಯ ಹೆಸರು ಬೇಡ, ಹುದ್ದೆಯ ಹೆಸರಿಗೆ ಅಡವು ಮಾಡಿಸಿ. ತಾನಾಗಿ ನವೀಕರಣವಾಗುವಂತೆ ಬ್ಯಾಂಕಿಗೆ ಬರೆದುಕೊಡಿ, ಇಲ್ಲದಿದ್ದರೆ ಅವಧಿ ಮುಗಿದ ರಸೀದಿ ಕಚೇರಿಯ ಕಪಾಟಿನಲ್ಲಿ ಬಡ್ಡಿ ಇಲ್ಲದೆ ಮಲಗಿರುತ್ತದೆ. ಸಲ್ಲಿಸಿದ ದಿನವೇ ರಸೀದಿಯ ಜೆರಾಕ್ಸ್ ಮೇಲೆ ಕಚೇರಿಯ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.

ಬ್ಯಾಂಕ್ ಗ್ಯಾರಂಟಿಯ ತಾರೀಕು ಮುಗಿದ ಮಾತ್ರಕ್ಕೆ ನಿಮ್ಮ ಮಾರ್ಜಿನ್ ಎಫ್‌ಡಿ ಬಿಡುಗಡೆಯಾಗುವುದಿಲ್ಲ. ಮೂಲ ಪತ್ರ ವಾಪಸ್ ಬರಬೇಕು, ಇಲ್ಲವೇ ಇಲಾಖೆಯಿಂದ ಬಾಕಿ ಇಲ್ಲ ಎಂಬ ಪತ್ರ ಬೇಕು, ಇಲ್ಲವೇ ಕ್ಲೇಮ್ ಅವಧಿಯೂ ತೀರಬೇಕು. ದೋಷ ಹೊಣೆ ಅವಧಿ ಮುಗಿಯುವ ಎರಡು ತಿಂಗಳು ಮೊದಲೇ ಸಹಾಯಕ ಕಾರ್ಯಪಾಲಕ ಎಂಜಿನಿಯರರನ್ನು ಕರೆದುಕೊಂಡು ಹೋಗಿ ರಸ್ತೆ ತೋರಿಸಿ, ಗುಂಡಿ ಇದ್ದರೆ ಆಗಲೇ ಮುಚ್ಚಿಸಿ, ತಪಾಸಣೆ ವರದಿ ಬರೆಸಿಕೊಳ್ಳಿ. ಆ ವರದಿಯ ಪ್ರತಿ ಲಗತ್ತಿಸಿ ವಿಭಾಗ ಕಚೇರಿಗೆ ಅರ್ಜಿ ಕೊಡಿ, ಇನ್ವರ್ಡ್ ನಂಬರ್ ಬರೆದುಕೊಳ್ಳಿ. ಬುಧವಾರ ಹೋಗಿ, ಸೋಮವಾರ ಅಲ್ಲಿ ಯಾರೂ ಖಾಲಿ ಇರುವುದಿಲ್ಲ.